ಕನ್ಫರ್ಮೇಶನ್ ಕೊಟ್ಟಾಯ್ತಾ?

ಆರೇಳು ವರ್ಷ ಹಿಂದಿನ ಮಾತು. ಆಟಿ ತಿಂಗಳ ಮಳೆ ಹೊಡೆಯುತ್ತಿತ್ತು. ಶಾಲೆ ಬಿಟ್ಟವಳು ಪೇಟೆಯ ಅಕ್ಷಯ ಕೇಂದ್ರಕ್ಕೆ ಹೋಗಿ, ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಪಿ.ಎಸ್.ಸಿ. ಪರೀಕ್ಷೆಯ ಹಾಲ್ ಟಿಕೆಟ್ ತೆಗೆದುಕೊಡಲು ಹೇಳಿದೆ. ಅಲ್ಲಿದ್ದ ಹುಡುಗ ನನ್ನ ಪ್ರೊಫೈಲ್ ತೆರೆದ. ಒಂದು ಸಲ ನೋಡಿದ. ಮತ್ತೊಂದು ಸಲ ನೋಡಿದ. ಆಮೇಲೆ ನನ್ನ ಮುಖ ನೋಡಿದ.

“ಟೀಚರ್, ನೀವು ಕನ್ಫರ್ಮೇಶನ್ ಕೊಡ್ಲಿಲ್ಲ ಅಲ್ವಾ?”

“ಎಂತ ಕನ್ಫರ್ಮೇಶನ್?”

ಕೇರಳ ಪಿ.ಎಸ್.ಸಿ.ಗೆ ಅರ್ಜಿ ಹಾಕಿದರೆ ಮಾತ್ರ ಸಾಲದು. ‘ನಾನು ಈ ಪರೀಕ್ಷೆ ಬರೆಯುತ್ತೇನೆ’ ಎಂದು ಅವರು ಹೇಳಿದ ದಿನಗಳ ಒಳಗೆ ನಮ್ಮ ಪ್ರೊಫೈಲಿಗೆ ಹೋಗಿ ಇನ್ನೊಮ್ಮೆ ದೃಢಪಡಿಸಬೇಕು. ಹಾಗೆ ಮಾಡದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ, ಹಾಲ್ ಟಿಕೆಟ್ ಬರುವುದಿಲ್ಲ. ಇದೆಲ್ಲ ಪ್ರೊಫೈಲಿನಲ್ಲೇ ಬರೆದಿರುತ್ತದೆ. ಓದದೆ ಇದ್ದದ್ದು ನಾನು. ಅರ್ಜಿ ಹಾಕಿದ ದಿನ ಪ್ರೊಫೈಲ್ ಮುಚ್ಚಿದವಳು ಅದನ್ನು ಪುನಃ ತೆರೆದದ್ದು ಹಾಲ್ ಟಿಕೆಟ್ ತೆಗೆಯಲಿಕ್ಕೆ. ನಡುವಿನ ತಿಂಗಳುಗಳಲ್ಲಿ ರಾತ್ರಿ ಹನ್ನೊಂದರವರೆಗೆ ಕೂತು ಓದಿದ್ದೆ. ಮನಶ್ಶಾಸ್ತ್ರದ ಪುಸ್ತಕಕ್ಕೆ ಎರಡು ಸಲ ಬೈಂಡು ಹಾಕಿಸಿದ್ದೆ.

ನನಗಾಗ 33 ವರ್ಷ. ಟಿ.ಟಿ.ಸಿ. ಮುಗಿಸಿ, ಕೆ-ಟೆಟ್ ಪಾಸಾಗಿ, ಮನೆಯಿಂದ 12 ಕಿಲೋಮೀಟರು ದೂರದ ಒಂದು ಯು.ಪಿ. ಶಾಲೆಯಲ್ಲಿ ದಿನಗೂಲಿ ಟೀಚರ್ ಆಗಿದ್ದೆ. ‘ಯು.ಪಿ. ಸ್ಕೂಲ್ ಟೀಚರ್ ಕನ್ನಡ ಮಾಧ್ಯಮ’ ಎಂಬ ಹುದ್ದೆಗೆ ವರ್ಷ ವರ್ಷ ಕರೆಯುವುದಿಲ್ಲ. ಒಮ್ಮೆ ರ‍್ಯಾಂಕ್ ಲಿಸ್ಟ್ ಬಂದರೆ ಅದಕ್ಕೆ ಹೆಚ್ಚೆಂದರೆ 3 ವರ್ಷ ಆಯುಸ್ಸು. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 40, ಹಿಂದುಳಿದ ವರ್ಗಕ್ಕೆ 43, ಪರಿಶಿಷ್ಟರಿಗೆ 45. ಬೆರಳು ಮಡಚಿ ಎಣಿಸಿದರೆ ನನಗೆ ಇನ್ನು ಒಂದೇ ಒಂದು ಅವಕಾಶ ಉಳಿದಿತ್ತು. ಕೊಡೆ ತೆಗೆದುಕೊಂಡು ಹೊರಗೆ ಬಂದೆ, ಬಿಚ್ಚಲು ಮರೆತೆ. ಬಸ್ಸಿನಲ್ಲಿ ಪಕ್ಕದವರು “ಪೂರಾ ಚಂಡಿಯಾಗಿದ್ದೀರಲ್ಲ ಟೀಚರ್” ಎಂದಾಗಲೇ ನೆನಪಾದದ್ದು.

ಮನೆಯಲ್ಲಿ ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ನನ್ನ ಟಿ.ಟಿ.ಸಿ. ಗೆಳತಿಗೆ ಫೋನ್ ಮಾಡಿದೆ. ಅವಳೂ ಅದೇ ಪರೀಕ್ಷೆಗೆ ಅರ್ಜಿ ಹಾಕಿದವಳು. ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದಳು.

“ಅಯ್ಯೋ ಮಾರಾಯ್ತಿ, ನಾವು ಐದಾರು ಜನ ಅದೇ ದಿನ ಒಬ್ಬರಿಗೊಬ್ಬರು ಫೋನ್ ಮಾಡಿ ನೆನಪು ಮಾಡಿದ್ದು. ನೀನು ಕೊಟ್ಟಿರಬಹುದು ಅಂತ ಗ್ರಹಿಸಿದೆವು. ನೀನು ಯಾರನ್ನೂ ಕೇಳುವವಳಲ್ಲವಲ್ಲ!”

ಬೈದದ್ದಲ್ಲ ಅವಳು. ಇದ್ದದ್ದನ್ನು ಹೇಳಿದ್ದು. ಆ ಐದಾರು ಜನ ಒಟ್ಟಿಗೆ ಕೂತು ಓದುತ್ತೇವೆ, ನೀನೂ ಬಾ ಎಂದು ಒಂದು ವರ್ಷ ಮೊದಲೇ ಕರೆದಿದ್ದರು. “ನನಗೆ ಒಬ್ಬಳೇ ಓದಿದರೆ ತಲೆಗೆ ಹೋಗುವುದು” ಎಂದು ನಾನು ಹೇಳಿದ್ದೆ.

ನಿಜವಾದ ಕಾರಣ ಬೇರೆ ಇತ್ತು. ನಮ್ಮ ಮನೆಯಲ್ಲಿ ಬೆಳೆದ ಕ್ರಮ ಹಾಗೆ. “ಯಾರ ಜಗಲಿಯಲ್ಲೂ ಹೋಗಿ ನಿಲ್ಲಬೇಡ” ಎಂದು ಅಪ್ಪ ಹೇಳುತ್ತಿದ್ದರು. ಕೆಲಸದ ವಿಚಾರಕ್ಕೆ ನಾಲ್ಕು ಜನರ ಪರಿಚಯ ಮಾಡಿಕೊಳ್ಳುವುದು, ಸಂಘಕ್ಕೆ ಸೇರುವುದು, ಮೀಟಿಂಗಿಗೆ ಹೋಗುವುದು, ಇದೆಲ್ಲ ವಶೀಲಿ ಮಾಡುವವರ ಕೆಲಸ ಎಂದೇ ನಾನು ತಿಳಿದಿದ್ದೆ. ಪರಿಚಯ ಹೇಳಿಕೊಂಡು ಒಳಗೆ ನುಗ್ಗಿದವರನ್ನು ನಾವೆಲ್ಲ ನೋಡಿದ್ದೇವಲ್ಲ. ಅಂಥವರ ಸಾಲಿಗೆ ಸೇರುವುದು ಬೇಡ, ನನ್ನ ಅಂಕ ನನ್ನನ್ನು ದಡ ಸೇರಿಸಲಿ ಎಂಬ ಹಠ. ಆ ಹಠದೊಳಗೆ ಒಂದಿಷ್ಟು ಜಂಬವೂ ಇತ್ತು, ಒಂದಿಷ್ಟು ಹೆದರಿಕೆಯೂ ಇತ್ತು. ಕೇಳಿದರೆ ನನಗೆ ಗೊತ್ತಿಲ್ಲ ಎಂಬುದು ಬೇರೆಯವರಿಗೆ ಗೊತ್ತಾಗುತ್ತದಲ್ಲ ಎಂಬ ಹೆದರಿಕೆ.

ಈ ಊರಿನ ಕನ್ನಡ ಅಧ್ಯಾಪಕರಿಗೆ ಒಂಟಿತನ ಹೇಗೂ ಅಂಟಿಕೊಂಡು ಬರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕನ್ನಡ ಶಾಲೆಗಳು ಒಂದೊಂದಾಗಿ ಎರಡು ಮಾಧ್ಯಮದ ಶಾಲೆಗಳಾದವು. ನಾನಿದ್ದ ಶಾಲೆಯಲ್ಲಿ ತರಗತಿಗೊಂದು ಕನ್ನಡ ಡಿವಿಜನ್. ವಿಜ್ಞಾನ ಕಲಿಸುವ ಕನ್ನಡ ಟೀಚರ್ ನಾನೊಬ್ಬಳೇ. ಸ್ಟಾಫ್ ರೂಮಿನಲ್ಲಿ ಮಾತು ಮಲಯಾಳದಲ್ಲಿ, ಬರುವ ಸರ್ಕ್ಯುಲರ್ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲೂ ಬರುತ್ತದೆ, ಆದರೆ ಸರಕಾರಿ ಮಲಯಾಳ ಓದುವಾಗ ಸಾಲಿನ ಕೊನೆಗೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತದೆ. ಅರ್ಥವಾಗದ್ದನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಕೇಳುವುದಕ್ಕೆ ನಾಚಿಕೆ.

ಇದನ್ನು ಬಿಡಿಸಿ ಹೇಳಿದವರು ನಮ್ಮ ಈ ವಾಚನಾಲಯಕ್ಕೆ ದಿನಾ ಸಂಜೆ ಪೇಪರು ಓದಲು ಬರುತ್ತಿದ್ದ ಮಾಸ್ಟ್ರು. ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದವರು. ನನ್ನ ಕಥೆ ಅವರ ಕಿವಿಗೂ ಬಿದ್ದಿತ್ತು. ಸಮಾಧಾನ ಹೇಳುತ್ತಾರೆ ಎಂದುಕೊಂಡರೆ ಅಡಿಕೆಯ ಸುದ್ದಿ ತೆಗೆದರು.

“ನಿನ್ನ ಅಪ್ಪ ಅಡಿಕೆ ಹೇಗೆ ಮಾರುತ್ತಿದ್ದರು ಗೊತ್ತುಂಟಾ ಮಗಾ, ಕ್ಯಾಂಪ್ಕೋ ಬರುವ ಮೊದಲು?”

ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. ವ್ಯಾಪಾರಿಯ ಜನ ಅಂಗಳಕ್ಕೇ ಬರುತ್ತಿದ್ದರಂತೆ. ಗೋಣಿಯಿಂದ ಒಂದು ಹಿಡಿ ತೆಗೆದು, ಇದು ಪಟೋರ, ಇದು ಉಳ್ಳಿ, ಇದು ಕರಿಗೋಟು ಎಂದು ಬದಿಗೆ ಹಾಕಿ, ಒಂದು ಕ್ರಯ ಹೇಳುವುದು. ಆಚೆ ಗುಡ್ಡದ ಮನೆಯವರಿಗೆ ಅದೇ ದಿನ ಎಷ್ಟು ಸಿಕ್ಕಿತು ಎಂದು ಈಚೆ ಮನೆಯವರಿಗೆ ತಿಳಿಯದು. ಕೇಳುವುದಕ್ಕೂ ಮರ್ಯಾದೆ ಅಡ್ಡ. ಎಪ್ಪತ್ತರ ದಶಕದ ಸುರುವಿನಲ್ಲಿ ಧಾರಣೆ ನೆಲಕಚ್ಚಿತು. ತೋಟ ಇದ್ದವರೂ ಸಾಲಗಾರರಾದರು. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು, ಗಡಿಯ ಈಚೆಯವರನ್ನೂ ಆಚೆಯವರನ್ನೂ ಕೂಡಿಸಿ, 1973ರ ಜುಲೈ 11ರಂದು ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರು ಅದರೊಳಗೆ ಸೇರಿದರು. ಆಮೇಲೆ ಕೊಕ್ಕೋ ಬೆಳೆದವರ ಕೈ ಸೋತಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಮಾಡಿದರು.

“ಅಡಿಕೆಯ ಗುಣ ಮೊದಲೂ ಅದೇ, ಆಮೇಲೂ ಅದೇ. ನಿನ್ನ ಅಪ್ಪನ ಹತ್ತಿರ ಇಲ್ಲದಿದ್ದದ್ದು ಆ ದಿನದ ಧಾರಣೆಯ ಸುದ್ದಿ. ನಿನ್ನ ಹತ್ತಿರವೂ ಓದು ಉಂಟು, ಸುದ್ದಿ ಇಲ್ಲ. ಸುದ್ದಿ ಒಬ್ಬರೇ ಕೂತರೆ ಬರುವುದಿಲ್ಲ.”

ಯಾರ ಜಗಲಿಯಲ್ಲೂ ನಿಲ್ಲಬೇಡ ಎಂದ ಅಪ್ಪನೇ ಕ್ಯಾಂಪ್ಕೋದ ಪಾಲುದಾರರಾಗಿದ್ದರು ಎಂಬುದು ನನಗೆ ಆಗ ನೆನಪಾಯಿತು. ಮಹಾಸಭೆಯ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗುತ್ತಿದ್ದರು. ಅದನ್ನು ಅವರು ಯಾರದೋ ಜಗಲಿ ಎಂದು ಎಣಿಸಿರಲಿಲ್ಲ. ಅದು ಅವರದ್ದೇ.

ಮುಂದಿನ ಆದಿತ್ಯವಾರ ಗೆಳತಿಯ ಗುಂಪಿಗೆ ಹೋದೆ. ಅವರು ಸೇರುತ್ತಿದ್ದದ್ದು ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲೇ. ಇಷ್ಟು ಹತ್ತಿರ! ಆರು ಜನ. ಒಬ್ಬಳ ತೊಡೆಯಲ್ಲಿ ಮಗು. ಅಲ್ಲಿ ಒಂದೇ ನಿಯಮ: ಬರುವಾಗ ಬರಿಗೈಯಲ್ಲಿ ಬರಬಾರದು. ತಿಂಡಿಯ ಮಾತಲ್ಲ ಇದು. ಒಂದು ಹಳೆ ಪ್ರಶ್ನೆಪತ್ರಿಕೆ, ಬಿಡಿಸಿದ ಹತ್ತು ಲೆಕ್ಕ, ಅರ್ಥವಾದ ಒಂದು ಪಾಠ, ಏನಾದರೂ ತರಬೇಕು. ಏನೂ ಇಲ್ಲದಿದ್ದರೆ ಒಂದು ಸಂಶಯವನ್ನಾದರೂ ತರಬೇಕು. ಸಂಶಯವೂ ಲೆಕ್ಕಕ್ಕೆ ಬರುತ್ತದೆ ಎಂಬುದು ನನಗೆ ಹೊಸತು. ಒಬ್ಬಳು ಕೇಳಿದ ಸಂಶಯಕ್ಕೆ ಉಳಿದ ಐವರೂ ತಲೆ ಕೆರೆದುಕೊಂಡದ್ದನ್ನು ಎಷ್ಟೋ ಸಲ ನೋಡಿದೆ. ಎಲ್ಲರಿಗೂ ಗೊತ್ತುಂಟು, ನನಗೊಬ್ಬಳಿಗೆ ಗೊತ್ತಿಲ್ಲ ಎಂದು ನಾನು ಹೆದರುತ್ತಿದ್ದದ್ದು ಸುಳ್ಳು.

ಗೆಳತಿಗೆ ಲೆಕ್ಕ ನೀರು ಕುಡಿದ ಹಾಗೆ. ನನಗೆ ಲೆಕ್ಕ ಎಂದರೆ ಬೆವರು. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ. ನಾನು ಸಮಯ ಸಾಲದೆ ಕೊನೆಯ ಲೆಕ್ಕಗಳಿಗೆ ಕಣ್ಣು ಮುಚ್ಚಿ ಗುರುತು ಹಾಕುತ್ತಿದ್ದೆ. ಅವಳು ನನ್ನ ಉತ್ತರ ಹಾಳೆ ನೋಡಿ, “ನೀನು ಕಲಿತು ಗಳಿಸಿದ್ದನ್ನು ಗೊತ್ತಿಲ್ಲದ್ದಕ್ಕೆ ದಂಡ ಕಟ್ಟುತ್ತಿದ್ದಿ” ಎಂದಳು. ಯಾವುದನ್ನು ಬಿಡಬೇಕು ಎಂದು ಕಲಿಸಿದವಳು ಅವಳು. ನಾನು ಅವಳಿಗೆ ವಿಜ್ಞಾನ ಹೇಳಿಕೊಟ್ಟೆ. ಕೋಣೆಯ ಗೋಡೆಗೆ ಹಳೆ ಕ್ಯಾಲೆಂಡರಿನ ಹಿಂಬದಿ ಅಂಟಿಸಿ, ನೋಟಿಫಿಕೇಶನ್ ಬಂದ ದಿನ, ಅರ್ಜಿಯ ಕೊನೆಯ ದಿನ, ಕನ್ಫರ್ಮೇಶನ್ ದಿನ ಎಂದು ಮೂರು ಸಾಲು ಬರೆದೆವು. ಕೆಂಪು ಮಸಿಯ ಮೂರನೇ ಸಾಲು ನಾನೇ ಬರೆದದ್ದು.

ಈ ಗುಂಪಿನಲ್ಲಿದ್ದವರೆಲ್ಲ ಕನ್ನಡದವರು. ಅದರಿಂದ ಹೊರಗೂ ಜೊತೆಯವರಿದ್ದಾರೆ ಎಂದು ತಿಳಿಯಲು ಒಂದು ದಾಸವಾಳದ ಎಲೆ ಬೇಕಾಯಿತು.

ಏಳನೆಯ ತರಗತಿಯ ಮಕ್ಕಳಿಗೆ ಎಲೆಯಲ್ಲಿ ಪಿಷ್ಟ ಇದೆ ಎಂದು ತೋರಿಸುವ ಪ್ರಯೋಗ ಉಂಟು. ಎಲೆಯನ್ನು ನೀರಿನಲ್ಲಿ ಕುದಿಸಿ, ಆಮೇಲೆ ಸ್ಪಿರಿಟಿನಲ್ಲಿಟ್ಟು ಹಸಿರು ಬಣ್ಣ ತೆಗೆದು, ತೊಳೆದು, ಮೇಲೆ ಅಯೋಡಿನ್ ಬಿಟ್ಟರೆ ಕಡು ನೀಲಿ ಬರಬೇಕು. ನನ್ನ ಕೈಯಲ್ಲಿ ಅದು ಬಂದದ್ದೇ ಇಲ್ಲ. ಎರಡು ವರ್ಷವೂ ಎಲೆ ಮಾಸಲು ಹಳದಿಯಾಗಿ ಉಳಿಯಿತು. ಮಕ್ಕಳು ನಕ್ಕರು. ಮೂರನೆಯ ವರ್ಷದಿಂದ ಬೋರ್ಡಿನಲ್ಲಿ ಚಿತ್ರ ಬಿಡಿಸಿ ಮುಗಿಸುತ್ತಿದ್ದೆ.

ಶನಿವಾರಗಳಲ್ಲಿ ಅಧ್ಯಾಪಕರಿಗೆ ಕ್ಲಸ್ಟರ್ ಸಭೆಗಳಿರುತ್ತವಲ್ಲ, ಅಂಥ ಒಂದು ಸಭೆಯಲ್ಲಿ ಊಟದ ಹೊತ್ತಿಗೆ ಮಲಯಾಳ ಡಿವಿಜನಿನ ಒಬ್ಬ ಹಿರಿಯ ಟೀಚರ್ ನನ್ನ ಪಕ್ಕ ಬುತ್ತಿ ಬಿಚ್ಚಿದರು. ಅಷ್ಟರವರೆಗೆ ನಾವು ಕನ್ನಡದವರು ಒಂದು ಮೂಲೆ, ಅವರೆಲ್ಲ ಒಂದು ಕಡೆ. ವಾಚನಾಲಯದ ಅಭ್ಯಾಸದಿಂದ ಬಾಯಿ ಸ್ವಲ್ಪ ಸಡಿಲವಾಗಿತ್ತು, ಹಾಗಾಗಿ ಕೇಳಿದೆ: “ಟೀಚರೇ, ಆ ಎಲೆಯ ಪ್ರಯೋಗ ನಿಮಗೆ ಸರಿ ಬರುತ್ತದಾ?”

ಅವರು ಮರುಪ್ರಶ್ನೆ ಹಾಕಿದರು. “ಎಲೆ ಕೊಯ್ಯುವುದು ಎಷ್ಟು ಗಂಟೆಗೆ?”

“ಬೆಳಗ್ಗೆ. ನನಗೆ ಫಸ್ಟ್ ಪೀರಿಯಡ್.”

“ಯಾವ ತಿಂಗಳು?”

“ಜೂನ್, ಜುಲೈ.”

ಅವರು ನಕ್ಕರು. ರಾತ್ರಿಯಿಡೀ ಗಿಡ ತನ್ನ ಪಿಷ್ಟವನ್ನು ಖರ್ಚು ಮಾಡಿರುತ್ತದೆ, ಮಳೆಗಾಲದ ಮೋಡದಲ್ಲಿ ಬೆಳಗ್ಗೆ ಹೊಸತು ಆಗಿಯೂ ಇರುವುದಿಲ್ಲ, ಇಲ್ಲದ್ದನ್ನು ಅಯೋಡಿನ್ ಎಲ್ಲಿಂದ ತೋರಿಸಬೇಕು? ಬಿಸಿಲು ಬಿದ್ದ ದಿನ ಮಧ್ಯಾಹ್ನ ಮೇಲೆ ಕೊಯ್ಯಿ, ದಪ್ಪ ಎಲೆ ಬೇಡ, ದಾಸವಾಳದ್ದು ಸಾಕು, ಸ್ಪಿರಿಟನ್ನು ನೇರ ಬೆಂಕಿಗೆ ಹಿಡಿಯಬೇಡ, ಬಿಸಿನೀರಿನ ಪಾತ್ರೆಯೊಳಗೆ ಇಡು ಎಂದರು. ಆ ವಾರವೇ ಒಂದು ಬಿಸಿಲಿನ ದಿನ ಹೆಡ್‌ಮಾಸ್ಟ್ರ ಹತ್ತಿರ ಕೇಳಿ ಕೊನೆಯ ಪೀರಿಯಡಿಗೆ ಬದಲಾಯಿಸಿಕೊಂಡು ಮಾಡಿದೆ. ಎಲೆ ಇಂಕಿನ ಹಾಗೆ ಕಪ್ಪು ನೀಲಿಯಾಯಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ನೋಡಿದರು. ನನಗೆ ಸಂತೋಷವೂ ಆಯಿತು, ಬೇಸರವೂ ಆಯಿತು. ಇಷ್ಟು ವರ್ಷದ ಮಕ್ಕಳಿಗೆ ಇದು ಸಿಗದೆ ಹೋದದ್ದು ನಾನು ಒಂದು ಮಾತು ಕೇಳದೆ ಇದ್ದದ್ದರಿಂದ ತಾನೆ? ಪರೀಕ್ಷೆ ತಪ್ಪಿದ್ದರಿಂದ ನಷ್ಟವಾದದ್ದು ನನಗೊಬ್ಬಳಿಗೆ. ಇಲ್ಲಿ ಹಾಗಲ್ಲ.

ಆ ಟೀಚರಿಗೂ ನನ್ನಿಂದ ಒಂದು ಉಪಕಾರವಾಯಿತು. ಅವರ ತರಗತಿಗೆ ತುಳು ಮಾತಾಡುವ ನಾಲ್ಕು ಮಕ್ಕಳು ಸೇರಿದ್ದರು. ಮಲಯಾಳದ ‘ಪ್ರಕಾಶಸಂಶ್ಲೇಷಣಂ’ ಆ ಮಕ್ಕಳಿಗೆ ಬಾಯಿಗೂ ಹತ್ತದು, ತಲೆಗೂ ಹತ್ತದು. ನಮ್ಮ ‘ದ್ಯುತಿಸಂಶ್ಲೇಷಣೆ’ಯೇನೂ ಅದಕ್ಕಿಂತ ಸುಲಭದ್ದಲ್ಲವಲ್ಲ! ಎಲೆ ಬಿಸಿಲಲ್ಲಿ ಅಡಿಗೆ ಮಾಡುತ್ತದೆ ಎಂದು ಸುರು ಮಾಡಿ, ದೊಡ್ಡ ಶಬ್ದವನ್ನು ಕೊನೆಗೆ ಹೇಳುವ ನನ್ನ ಕ್ರಮವನ್ನು ತುಳುವಿನಲ್ಲಿ ಬರೆದುಕೊಟ್ಟೆ. ಅಂದಿನಿಂದ ಅರ್ಥವಾಗದ ಸರ್ಕ್ಯುಲರನ್ನು ಮಡಚಿ ಇಡುವುದನ್ನು ಬಿಟ್ಟೆ. ಅವರ ಹತ್ತಿರ ಓದಿಸಿಕೊಳ್ಳುತ್ತಿದ್ದೆ. ಓದಿಸಿಕೊಂಡು ಓದಿಸಿಕೊಂಡು ನನಗೂ ಓದಲು ಬಂತು.

ಇನ್ನು ಸಂಘದ ವಿಷಯ. ಅಧ್ಯಾಪಕರ ಸಂಘಗಳಿಗೆ ಕೇರಳದಲ್ಲಿ ಬರಗಾಲವಿಲ್ಲ. ಪ್ರತಿಯೊಂದಕ್ಕೂ ಒಂದು ಬಣ್ಣ, ಒಂದು ಪಕ್ಷದ ನೆರಳು. ನನಗೆ ಬಣ್ಣದ ಆಸೆ ಇರಲಿಲ್ಲ, ಹಾಗಾಗಿ ಕನ್ನಡ ಅಧ್ಯಾಪಕರು ಸೇರುವ ಸಂಘಕ್ಕೆ ಹೋದೆ. ಖಾಯಂ ಆದವರಿಗೆ ಮಾತ್ರ ಅಲ್ಲಿ ಜಾಗ ಎಂದು ಗ್ರಹಿಸಿದ್ದೆ. ಕೇಳಿದರೆ ಅಂಥದ್ದೇನೂ ಇರಲಿಲ್ಲ. ಇದನ್ನೂ ಅಷ್ಟು ವರ್ಷ ಕೇಳಿರಲಿಲ್ಲ ನಾನು!

ಸಂಘದಲ್ಲಿ ಎಲ್ಲವೂ ಚಂದ ಎಂದರೆ ಸುಳ್ಳಾಗುತ್ತದೆ. ಹತ್ತು ಗಂಟೆಗೆ ಕರೆದ ಸಭೆ ಹನ್ನೊಂದಕ್ಕೆ ಸುರುವಾಗುತ್ತದೆ. ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ. ಕೆಲವರು ಫೋಟೋ ತೆಗೆದಾದ ಮೇಲೆ ಕಾಣುವುದಿಲ್ಲ. ವೇದಿಕೆಯ ಮೇಲೆ ಗಂಡಸರು, ಚಹಾದ ಬಳಿ ಹೆಂಗಸರು ಎಂಬುದೂ ಇತ್ತು. ಎರಡು ಸಭೆಗೆ ಹೋಗಿ, ನನಗೇನು ಸಿಕ್ಕಿತು ಎಂದು ಲೆಕ್ಕ ಹಾಕಿ, ಮೂರನೆಯದಕ್ಕೆ ತಪ್ಪಿಸಿಕೊಂಡೆ. ಆಮೇಲೆ ಒಂದು ಸರ್ವಿಸ್ ಸಂಶಯ ಬಂತು. ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ಸಂಶಯ ಪರಿಹರಿಸಿಕೊಟ್ಟರು. ಇಡುವ ಮೊದಲು ಮೆಲ್ಲಗೆ ಹೇಳಿದರು: “ಟೀಚರ್, ಮಳೆ ಬರುವಾಗ ಮಾತ್ರ ಕೊಡೆ ಹುಡುಕಿದರೆ ಹೇಗೆ? ಮಡಚಿ ಇಡಲಿಕ್ಕೂ ಒಬ್ಬರು ಬೇಕಲ್ಲ.”

ಮುಖ ಬಿಸಿಯಾಯಿತು. ಮುಂದಿನ ಸಭೆಗೆ ಹೋಗಿ, ನಡಾವಳಿ ಬರೆಯುವ ಕೆಲಸ ನನಗೆ ಕೊಡಿ ಎಂದೆ. ಯಾರಿಗೂ ಬೇಡದ ಕೆಲಸ ಅದು. ಕೊಟ್ಟರು. ಯಾರು ಏನು ಹೇಳಿದರು, ಯಾವ ತೀರ್ಮಾನ ಆಯಿತು ಎಂದು ಬರೆಯಬೇಕಾದರೆ ಕಿವಿ ತೆರೆದು ಕೂರಲೇಬೇಕು. ಒಂದೇ ವರ್ಷದಲ್ಲಿ ಯಾವ ಶಾಲೆಯಲ್ಲಿ ಯಾರು ನಿವೃತ್ತರಾಗುತ್ತಾರೆ, ಎಲ್ಲಿ ಮಕ್ಕಳು ಕಡಿಮೆ, ಯಾವ ಕಾಗದ ಯಾವ ಕಚೇರಿಗೆ ಹೋಗಬೇಕು ಎಂದು ನನಗೆ ಬಾಯಿಪಾಠವಾಯಿತು. ಎ.ಇ.ಓ. ಕಚೇರಿಗೆ ಮನವಿ ಬರೆಯಲು ಕಲಿತೆ. ಮಾಯಿಪ್ಪಾಡಿಯ ಡಯಟ್‌ನಲ್ಲಿ ತರಬೇತಿ ಇದ್ದಾಗ “ಇವರನ್ನು ಕರೆಯಿರಿ, ಬರೆಯಲು ಬರುತ್ತದೆ” ಎಂದು ಯಾರೋ ನನ್ನ ಹೆಸರು ಹೇಳಿದರು. ಹೇಳಿದವರು ನನ್ನ ಸಂಬಂಧಿಕರಲ್ಲ, ಜಾತಿಯವರಲ್ಲ, ಊರಿನವರಲ್ಲ. ನಾನು ಬರೆದ ನಡಾವಳಿ ಓದಿದವರು. ವಶೀಲಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆಗ. ವಶೀಲಿಯವನು ನಿನ್ನ ಕೆಲಸ ನೋಡದೆ ಹೆಸರು ಹೇಳುತ್ತಾನೆ. ಜೊತೆಯವರು ಕೆಲಸ ನೋಡಿ ಹೇಳುತ್ತಾರೆ. ಆದರೆ ಅವರಿಗೆ ಕಾಣುವ ಜಾಗದಲ್ಲಿ ನಾವು ಕೆಲಸ ಮಾಡಿರಬೇಕು.

ಜೂನಿನಲ್ಲಿ ಶಾಲೆ ಸುರುವಾಗಿ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುವುದು ನಿಮಗೆಲ್ಲ ಗೊತ್ತುಂಟು. ಅಂದು ಇರುವ ತಲೆಗಳ ಮೇಲೆ ಡಿವಿಜನ್ ಉಳಿಯುವುದೋ ಹೋಗುವುದೋ ನಿರ್ಧಾರ. ಒಂದು ವರ್ಷ ನಮ್ಮ ಐದನೆಯ ಕನ್ನಡ ಡಿವಿಜನಿಗೆ ಕುತ್ತು ಬಂತು. ಮೇ ತಿಂಗಳಲ್ಲೇ ಸಂಘದ ಹತ್ತು ಜನ ಬಂದರು, ಬೇರೆ ಬೇರೆ ಶಾಲೆಯವರು. ಇಬ್ಬಿಬ್ಬರಾಗಿ ಮನೆ ಮನೆಗೆ ಹೋದೆವು. ನನ್ನ ಜೊತೆ ಬಂದವರು 30 ಕಿಲೋಮೀಟರು ದೂರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. “ಇದು ನಿಮ್ಮ ಶಾಲೆಯಲ್ಲವಲ್ಲ ಮಾಸ್ಟ್ರೇ” ಎಂದರೆ, “ಬರುವ ವರ್ಷ ನನ್ನದ್ದಕ್ಕೆ ನೀವು ಬನ್ನಿ” ಎಂದರು. ಡಿವಿಜನ್ ಆ ವರ್ಷ ಉಳಿಯಿತು. ಮರುವರ್ಷ ನಾನು ಹೋದೆ. ಅವರ ಶಾಲೆಯಲ್ಲಿ ಉಳಿಯಲಿಲ್ಲ. ಎಲ್ಲ ಸಲವೂ ಗೆಲ್ಲುವುದಿಲ್ಲ, ಆದರೂ ಹೋಗಬೇಕಾಗುತ್ತದೆ.

ಇಷ್ಟರಲ್ಲಿ ನಾವು ಕಾದ ನೋಟಿಫಿಕೇಶನ್ ಬಂತು. ನನಗೆ 37. ಅರ್ಜಿ ಹಾಕಿದೆ. ಕನ್ಫರ್ಮೇಶನಿಗೆ ತೆರೆದ ದಿನ ಬೆಳಗ್ಗೆ ಆರು ಗಂಟೆಯಿಂದ ಹತ್ತು ಗಂಟೆಯೊಳಗೆ ಐದು ಫೋನ್ ಬಂತು. ಹಾಲು ಉಕ್ಕಿ ಹೋಯಿತು, ಆದರೂ ಎಲ್ಲವನ್ನೂ ತೆಗೆದೆ. ಪರೀಕ್ಷೆ ಬರೆದೆ. ಲೆಕ್ಕದಲ್ಲಿ ಆರು ಪ್ರಶ್ನೆ ಬಿಟ್ಟೆ, ಗೆಳತಿ ಹೇಳಿಕೊಟ್ಟ ಹಾಗೆ.

ರ‍್ಯಾಂಕ್ ಲಿಸ್ಟ್ ಬಂದಾಗ ನನ್ನ ಹೆಸರಿತ್ತು. ಅವಳ ಹೆಸರೂ ಇತ್ತು, ನನ್ನಿಂದ ಕೆಳಗೆ.

ಈ ಲೇಖನ ಬರೆಯಲು ನಾನು ಹಿಂದೆ ಮುಂದೆ ನೋಡಿದ್ದು ಈ ಕಾರಣಕ್ಕೇ. ಒಟ್ಟಿಗೆ ಓದಿ, ಒಟ್ಟಿಗೆ ಬೆಳೆಯಿರಿ ಎಂದು ಹೇಳುವುದು ಸುಲಭ. ಹುದ್ದೆಗಳು ಬೆರಳೆಣಿಕೆಯಷ್ಟಿರುವಾಗ ಒಟ್ಟಿಗೆ ಓದಿದವರೇ ಒಬ್ಬರಿಗೊಬ್ಬರು ಎದುರಾಳಿಗಳು. ನನಗೆ ಲೆಕ್ಕ ಕಲಿಸಿದವಳನ್ನು ನಾನು ಅದೇ ಪರೀಕ್ಷೆಯಲ್ಲಿ ಹಿಂದೆ ಹಾಕಿದೆ. ಲಿಸ್ಟಿನ ಆಯುಸ್ಸು ಮುಗಿಯುವ ಮೊದಲು ನನಗೆ ಅಡ್ವೈಸ್ ಮೆಮೊ ಬಂತು. ಅವಳ ಹತ್ತಿರಕ್ಕೆ ಬರುವಷ್ಟರಲ್ಲಿ ಲಿಸ್ಟ್ ರದ್ದಾಯಿತು. ಮೆಮೊ ಬಂದ ದಿನ ಅವಳಿಗೆ ಹೇಗೆ ಹೇಳಲಿ ಎಂದು ಸಂಜೆವರೆಗೆ ಕೂತಿದ್ದೆ. ಕೊನೆಗೆ ಅವಳೇ ಬಂದಳು, ಮನೆಯ ತೋಟದ ಬಾಳೆಗೊನೆಯ ಒಂದು ಪಾಡ ಹಿಡಿದುಕೊಂಡು.

“ನಿನ್ನಿಂದ ನನ್ನ ಜಾಗ ಹೋಯಿತು ಅಂತ ನೀನು ಗ್ರಹಿಸುವುದು ಬೇಡ” ಎಂದಳು. “ನೀನು ವಿಜ್ಞಾನ ಹೇಳಿಕೊಡದಿದ್ದರೆ ನಾನು ಲಿಸ್ಟಿಗೇ ಬರುತ್ತಿರಲಿಲ್ಲ. ಆದರೆ ಬೇಜಾರಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬೇಜಾರು ಉಂಟು.”

ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಬಾಳೆಹಣ್ಣು ತಿಂದೆವು.

ಮುಂದಿನ ಆದಿತ್ಯವಾರ ನಾನು ವಾಚನಾಲಯಕ್ಕೆ ಹೋಗದೆ ಇರಬಹುದಿತ್ತು. ನನ್ನ ಕೆಲಸ ಆಯಿತಲ್ಲ. ಹೋದವರು ಹೋದ ಹಾಗೆಯೇ, ಇನ್ನು ಬರುವುದಿಲ್ಲ ಎಂದು ನಾವೇ ಎಷ್ಟೋ ಜನರ ಬಗ್ಗೆ ಹೇಳಿದ್ದುಂಟು. ಅವಳ ಮುಖ ನೋಡುವ ಧೈರ್ಯವೂ ಕಡಿಮೆ ಇತ್ತು. ಆದರೂ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ನನ್ನ ಹಳೆ ನೋಟು ಪುಸ್ತಕಗಳನ್ನೆಲ್ಲ ಕಟ್ಟಿಕೊಂಡು ಹೋದೆ. ಈಗಲೂ ಹೋಗುತ್ತೇನೆ. ಈಗ ಅಲ್ಲಿ ಹನ್ನೊಂದು ಜನ. ಅವರಲ್ಲಿ ನಾಲ್ವರು ನಮ್ಮ ಶಿಷ್ಯೆಯರ ಪ್ರಾಯದವರು.

ಆ ಹುಡುಗಿಯರು ಕೆಲವೊಮ್ಮೆ ಕೇಳುತ್ತಾರೆ, ಎಲ್ಲಿಂದ ಸುರು ಮಾಡಬೇಕು ಟೀಚರ್ ಎಂದು. ನನಗೆ ತಿಳಿದಷ್ಟು ಹೇಳುತ್ತೇನೆ. ದೊಡ್ಡವರ ಪರಿಚಯ ಹುಡುಕುತ್ತಾ ಹೋಗಬೇಡಿ, ನಿಮ್ಮ ಹಾಗೇ ಇರುವ ನಾಲ್ಕು ಜನರನ್ನು ಹುಡುಕಿ. ಕ್ಲಸ್ಟರಿಗೆ ಹೋದರೆ ಊಟಕ್ಕೆ ನಮ್ಮ ಭಾಷೆಯವರ ಜೊತೆಯೇ ಕೂರಬೇಡಿ, ಒಂದು ದಿನವಾದರೂ ಬೇರೆ ಬೆಂಚಿಗೆ ಹೋಗಿ. ಸಂಘಕ್ಕೆ ಸೇರುವ ಮೊದಲು ಎರಡು ಸಭೆ ನೋಡಿ. ಹಣದ ಲೆಕ್ಕ ಓದಿ ಹೇಳುವ ಸಂಘವಾದರೆ ಸೇರಿ. ಸೇರಿದ ಮೇಲೆ ಯಾರಿಗೂ ಬೇಡದ ಒಂದು ಸಣ್ಣ ಕೆಲಸ ಕೇಳಿ ತೆಗೆದುಕೊಳ್ಳಿ. ಉಪಕಾರ ಮಾಡಿದವರಿಗೆ, ನಿಮ್ಮ ಮಾತಿನ ಹಾಗೆ ಮಾಡಿದೆ, ಹೀಗಾಯಿತು ಎಂದು ಒಂದು ಮಾತು ತಿಳಿಸಿ. ಆ ಮಲಯಾಳ ಟೀಚರಿಗೆ ನೀಲಿಯಾದ ಎಲೆಯ ಫೋಟೋ ಕಳಿಸಿದಾಗ ಅವರಿಗಾದ ಸಂತೋಷ ನನಗೆ ಈಗಲೂ ನೆನಪುಂಟು. ಮತ್ತೆ, ಕೇಳಲು ನಾಚಬೇಡಿ. ನಾಚಿಕೆಗೆ ನಾನು ಕೊಟ್ಟ ಕ್ರಯ ನಾಲ್ಕು ವರ್ಷ.

ನಮ್ಮ ಮಾಸ್ಟ್ರು ಈಗಿಲ್ಲ. ಅವರು ಕೂರುತ್ತಿದ್ದ ಕಿಟಕಿ ಬದಿಯ ಕುರ್ಚಿಯಲ್ಲಿ ಈಗ ಯಾರಾದರೂ ಕೂರುತ್ತಾರೆ. ಕುರ್ಚಿ ಖಾಲಿ ಇಡುವುದು ಅವರಿಗೂ ಸರಿ ಬರುತ್ತಿರಲಿಲ್ಲ. ಹಿಂದಿನ ಕೋಣೆಯ ಗೋಡೆಯಲ್ಲಿ ಹಳೆ ಕ್ಯಾಲೆಂಡರಿನ ಹಿಂಬದಿ ಹಾಗೇ ಉಂಟು, ಹಾಳೆ ಮಾತ್ರ ವರ್ಷ ವರ್ಷ ಬದಲಾಗುತ್ತದೆ. ಗೆಳತಿ ನನಗಿಂತ ಎರಡು ವರ್ಷ ಸಣ್ಣವಳು, ಅವಳಿಗೆ ಇನ್ನೂ ಪ್ರಾಯ ಮೀರಿಲ್ಲ. ಈ ಸಲದ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ. ಕೆಂಪು ಸಾಲಿನಲ್ಲಿ ಬರೆದ ದಿನ ಬಂದಾಗ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲೇ ಫೋನ್ ಮಾಡಿದೆ.

“ಕನ್ಫರ್ಮೇಶನ್ ಕೊಟ್ಟಾಯ್ತಾ?”

“ಕೊಟ್ಟಾಯ್ತು ಮಾರಾಯ್ತಿ! ಬೆಳಗ್ಗಿನಿಂದ ನೀನು ಏಳನೆಯವಳು ಕೇಳುವುದು. ಇನ್ನು ಯಾರಿಗೆಲ್ಲ ಫೋನ್ ಮಾಡಲಿಕ್ಕುಂಟು ಅಂತ ಹೇಳು, ನಾಲ್ಕು ಜನರಿಗೆ ನಾನು ಮಾಡುತ್ತೇನೆ.”